ಕಾವಲಿ, ಬುಗುರಿ, ಮೃದಂಗ

ದೋಸೆ ಹುಯ್ಯುವ ಮೊದಲು ಹೋಟೆಲಿನ ಭಟ್ಟರು ಕಾದ ಕಾವಲಿಯ ಮೇಲೆ ಒಂದಿಷ್ಟು ನೀರು ಎರಚುತ್ತಾರೆ. ಪೊರಕೆಯಿಂದ ಅದನ್ನು ಗುಡಿಸಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಹೋಳು ಈರುಳ್ಳಿಯಿಂದ ಒರೆಸಿ, ಆಮೇಲೆ ಹಿಟ್ಟು ಹುಯ್ಯುತ್ತಾರೆ. ಮನೆಯಲ್ಲಿ ಅಷ್ಟೆಲ್ಲ ಇಲ್ಲ, ಬೆರಳ ತುದಿಯಿಂದ ನಾಲ್ಕು ಹನಿ ಚಿಮುಕಿಸಿ ನೋಡಿದರೆ ಸಾಕು. ಹನಿ ಬಿದ್ದಲ್ಲೇ ಕೂತು ಸದ್ದಿಲ್ಲದೆ ಆರಿದರೆ ಕಾವು ಸಾಲದು. ‘ಚುಂಯ್’ ಎಂದು ಕುದಿದು ಮಾಯವಾದರೆ ಹದ ಬಂದಿದೆ. ಹನಿ ಮುತ್ತಿನಂತೆ ಗುಂಡಗಾಗಿ ಕಾವಲಿಯ ತುಂಬ ಓಡಾಡತೊಡಗಿದರೆ ಉರಿ ತಗ್ಗಿಸಬೇಕು. ಆ ಕಾವಿನಲ್ಲಿ ಹುಯ್ದ ಹಿಟ್ಟು ಹರಡುವ ಮೊದಲೇ ಬೆಂದು ಸೌಟಿನ ಜೊತೆಗೇ ಮೇಲೇಳುತ್ತದೆ.

ಈ ಮೂರರಲ್ಲಿ ಕೊನೆಯ ಹನಿ ವಿಚಿತ್ರದ್ದು. ಕಾವಲಿ ಹೆಚ್ಚು ಕಾದಷ್ಟೂ ನೀರು ಬೇಗ ಆರಬೇಕು ತಾನೇ? ಒಂದು ಹಂತದವರೆಗೆ ಹಾಗೆಯೇ ನಡೆಯುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಲೆಕ್ಕ ತಿರುಗಿಬೀಳುತ್ತದೆ. ಅರೆಕ್ಷಣದಲ್ಲಿ ಆರಿಹೋಗುತ್ತಿದ್ದ ಹನಿ ಅರ್ಧ ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಉಳಿಯುತ್ತದೆ. ಹನಿಯ ತಳ ಕಾವಲಿಗೆ ತಗಲುವ ಮೊದಲೇ ಆವಿಯಾಗಿ, ಆ ಆವಿಯ ತೆಳುಪದರವೇ ಹನಿಯನ್ನು ಎತ್ತಿ ಹಿಡಿಯುವುದು ಇದಕ್ಕೆ ಕಾರಣ. ನೀರಿನ ಆವಿ ಶಾಖವನ್ನು ದಾಟಿಸುವುದರಲ್ಲಿ ಬಹಳ ಸೋಮಾರಿ. ಹೀಗಾಗಿ ಹನಿ ತಾನೇ ಹಾಸಿಕೊಂಡ ಹಾಸಿಗೆಯ ಮೇಲೆ ತೇಲುತ್ತ, ತಡೆಯುವ ಘರ್ಷಣೆ ಇಲ್ಲದ್ದರಿಂದ ಕಾವಲಿ ಎತ್ತ ವಾಲಿದರೆ ಅತ್ತ ಜಾರುತ್ತದೆ.

1756ರಲ್ಲಿ ಜರ್ಮನಿಯ ಡ್ಯೂಯಿಸ್‌ಬರ್ಗ್ ಊರಿನ ವೈದ್ಯ ಯೋಹಾನ್ ಗಾಟ್ಲೊಬ್ ಲೈಡೆನ್‌ಫ್ರಾಸ್ಟ್ ಇದನ್ನು ಕೂತು ಅಳೆದ. ಅವನ ಉಪಕರಣ ಒಂದು ಕಬ್ಬಿಣದ ಚಮಚ. ಅದನ್ನು ಕೆಂಪಗೆ ಕಾಯಿಸಿ ಒಂದು ಹನಿ ನೀರು ಬಿಟ್ಟ, ಲೋಲಕದ ತೂಗಾಟ ಎಣಿಸಿದ. ಮೊದಲ ಹನಿ 30 ಸೆಕೆಂಡಿಗೂ ಹೆಚ್ಚು ಬಾಳಿತು. ಅಷ್ಟರಲ್ಲಿ ಚಮಚ ಕೊಂಚ ಆರಿತ್ತು, ಎರಡನೆಯ ಹನಿ 10 ಸೆಕೆಂಡಿನಲ್ಲಿ ಹೋಯಿತು. ಮೂರನೆಯದು ಕೆಲವೇ ಸೆಕೆಂಡು. ಚಮಚ ತಣಿದಂತೆ ಹನಿಯ ಆಯುಸ್ಸು ಕಡಿಮೆಯಾಗುತ್ತ ಬಂದದ್ದನ್ನು ಅವನು ಸಾಮಾನ್ಯ ನೀರಿನ ಗುಣಗಳ ಕುರಿತ ತನ್ನ ಲ್ಯಾಟಿನ್ ಗ್ರಂಥದಲ್ಲಿ ಬರೆದಿಟ್ಟ. ಇಂದು ಆ ವಿದ್ಯಮಾನಕ್ಕೆ ಅವನದೇ ಹೆಸರು. ಪರಮಾಣು ಸ್ಥಾವರದ ಇಂಧನ ಸರಳುಗಳನ್ನು ತಂಪಾಗಿಡುವ ಎಂಜಿನಿಯರುಗಳಿಗೆ ಇದು ಬಹುದೊಡ್ಡ ಆತಂಕ: ಸರಳಿನ ಸುತ್ತ ಇಂಥದೇ ಆವಿಯ ಹೊದಿಕೆ ಕೂತರೆ ಸುತ್ತ ನೀರಿದ್ದೂ ಸರಳು ತಣಿಯದು. 2006ರಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಹೈನರ್ ಲಿಂಕೆ ತಂಡ ಬಿಸಿ ಲೋಹದ ಮೇಲೆ ಗರಗಸದ ಹಲ್ಲುಗಳಂಥ ಗೀರುಗಳನ್ನು ಕೆತ್ತಿ ಹನಿ ಬಿಟ್ಟಾಗ, ಆವಿ ಒಂದೇ ದಿಕ್ಕಿಗೆ ನುಗ್ಗಿ ಹನಿಯನ್ನು ಏರಿನ ಮೇಲಕ್ಕೆ ತಳ್ಳಿತು.

ಶಾಲೆಯ ಪುಸ್ತಕದಲ್ಲಿ ಮೊದಲು ನಿಯಮ ಬರುತ್ತದೆ. ಕೊನೆಯಲ್ಲಿ ‘ದೈನಂದಿನ ಜೀವನದಲ್ಲಿ ಇದರ ಉದಾಹರಣೆಗಳು’ ಎಂಬ ತಲೆಬರಹದಡಿ ನಾಲ್ಕು ಸಾಲು. ಅಡುಗೆಮನೆ, ಆಟದ ಅಂಗಳಗಳೆಲ್ಲ ಭೌತಶಾಸ್ತ್ರದ ಹಿತ್ತಲು ಎಂಬ ಭಾವನೆ ಹುಡುಗರ ತಲೆಯಲ್ಲಿ ಕೂರುವುದೇ ಅಲ್ಲಿ. ಭೌತಶಾಸ್ತ್ರದ ಎಷ್ಟೋ ಅಧ್ಯಾಯಗಳು ನಿಜವಾಗಿ ಹುಟ್ಟಿದ ಕ್ರಮ ಇದಕ್ಕೆ ತದ್ವಿರುದ್ಧ. ಕೈಯಲ್ಲಿದ್ದ ಕೆಲಸವನ್ನೋ ಮನಸ್ಸಿಗೆ ಹಿಡಿಸಿದ ಹವ್ಯಾಸವನ್ನೋ ಮಾಡುತ್ತಿದ್ದವರು ಒಂದು ಗಳಿಗೆ ಹೆಚ್ಚು ನಿಂತು ನೋಡಿದರು, ಅಳೆದರು. ನಿಯಮ ಆಮೇಲೆ ಬಂತು.

ಕುಕ್ಕರನ್ನೇ ನೋಡಿ. ಫ್ರಾನ್ಸಿನಲ್ಲಿ ಹುಟ್ಟಿ ಲಂಡನ್ನಿಗೆ ಬಂದ ಡೆನಿ ಪಾಪ್ಯಾಂ 1679ರಲ್ಲಿ ಮೂಳೆಯನ್ನೂ ಮೆತ್ತಗೆ ಬೇಯಿಸುವ ಬಿಗಿಮುಚ್ಚಳದ ಪಾತ್ರೆ ಮಾಡಿದ. ಒಳಗಿನ ಒತ್ತಡ ಹೊರಗಿನ ಗಾಳಿಯ ಎರಡರಷ್ಟಾದರೆ ನೀರು 100ರ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಬೇಳೆ ಬೇಗ ಬೇಯುವುದು ಆ ಇಪ್ಪತ್ತು ಡಿಗ್ರಿಗಳ ದಯೆ. ಪಾತ್ರೆ ಸಿಡಿಯಬಾರದೆಂದು ಅವನು ಹಾಕಿದ ತೂಕದ ಮುಚ್ಚಳದ ವಂಶದ್ದೇ ಇವತ್ತು ಮೂರು ಕೂಗು ಕೂಗುವ ವಿಷಲ್. ಆವಿ ಮುಚ್ಚಳ ಎತ್ತಬಲ್ಲದಾದರೆ ಕೊಳವೆಯೊಳಗಿನ ಕೊಂತವನ್ನೂ ಎತ್ತಬಲ್ಲದು ಎಂಬ ಯೋಚನೆ ಪಾಪ್ಯಾಂಗೆ ಬಂದದ್ದು ಇದೇ ಜಾಡಿನಲ್ಲಿ. 1690ರಲ್ಲಿ ಅವನು ಅದನ್ನು ಪ್ರಕಟಿಸಿದ. ಆವಿಯಂತ್ರದ ಕಥೆ ಅಲ್ಲಿಂದ ಮುಂದಕ್ಕೆ ಹೋಗುತ್ತದೆ.

ಒತ್ತಡ ಕಡಿಮೆಯಾದರೆ ಕುದಿಯುವ ಬಿಂದು ಇಳಿಯುತ್ತದೆ ಎಂಬುದನ್ನು ತಿಳಿಯಲು ಹಿಮಾಲಯಕ್ಕೆ ಹೋಗಬೇಕಿಲ್ಲ. ಮಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಯಲ್ಲಿ ಕುದಿದರೆ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕೆಳಗೆ. 1835ರಲ್ಲಿ ಚಾರ್ಲ್ಸ್ ಡಾರ್ವಿನ್ ಆಂಡಿಸ್ ಪರ್ವತ ದಾಟುವಾಗ ಗಂಟೆಗಟ್ಟಲೆ ಕುದಿಸಿದರೂ ಆಲೂಗಡ್ಡೆ ಬೇಯಲಿಲ್ಲ. ಜೊತೆಗಿದ್ದವರು ತಪ್ಪನ್ನು ಹೊಸ ಪಾತ್ರೆಯ ಮೇಲೆ ಹೊರಿಸಿದರಂತೆ.

ಅಡುಗೆಮನೆಯಿಂದ ಹೊರಟ ಭೌತಶಾಸ್ತ್ರದಲ್ಲಿ ಎಲ್ಲಕ್ಕಿಂತ ಎದ್ದು ಕಾಣುವ ಹೆಸರು ಆಗ್ನೆಸ್ ಪೊಕೆಲ್ಸ್. ಕನ್ನಡದಲ್ಲಿ ಇವಳ ಬಗ್ಗೆ ಬರೆದದ್ದು ಎಷ್ಟಿದ್ದರೂ ಕಡಿಮೆಯೇ.

ಆಗ್ನೆಸ್ 1862ರಲ್ಲಿ ವೆನಿಸ್‌ನಲ್ಲಿ ಹುಟ್ಟಿದಳು. ತಂದೆ ಆಸ್ಟ್ರಿಯಾದ ಸೇನೆಯಲ್ಲಿದ್ದ. ಆರೋಗ್ಯ ಕೆಟ್ಟು ಅವನು ನಿವೃತ್ತನಾದಾಗ ಕುಟುಂಬ ಜರ್ಮನಿಯ ಬ್ರೌನ್‌ಶ್ವೈಗ್‌ಗೆ ಬಂತು. ಹುಡುಗಿಯರ ಶಾಲೆಯಲ್ಲಿ ಓದುವಾಗಲೇ ಆಗ್ನೆಸ್‌ಗೆ ಭೌತಶಾಸ್ತ್ರದ ಹುಚ್ಚು. ಆದರೆ ಅಂದಿನ ವಿಶ್ವವಿದ್ಯಾಲಯಗಳ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಮುಂದೆ ತೆರೆದಾಗ ಕಾಯಿಲೆಯ ತಂದೆತಾಯಿಯರ ಆರೈಕೆ, ಮನೆಗೆಲಸ ಅವಳ ಪಾಲಿಗೆ ಬಂದಿದ್ದವು. ಅವಳಿಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ಫ್ರೀಡ್ರಿಖ್ ಗಟಿಂಗನ್‌ನಲ್ಲಿ ಭೌತಶಾಸ್ತ್ರ ಓದಲು ಹೋದ, ತನ್ನ ಪುಸ್ತಕಗಳನ್ನು ಅಕ್ಕನಿಗೆ ಕೊಟ್ಟ.

ಜಿಡ್ಡಿನ ಪಾತ್ರೆ ತೊಳೆಯುವಾಗ ನೀರಿನ ಮೇಲೆ ಏನಾಗುತ್ತದೆ ಎಂಬುದು ಪಾತ್ರೆ ತಿಕ್ಕಿದ ಎಲ್ಲರಿಗೂ ಗೊತ್ತು. ಎಣ್ಣೆ ಕಣ್ಣುಕಣ್ಣಾಗಿ ತೇಲುತ್ತದೆ, ಸೋಪು ತಗಲಿದ ಕೂಡಲೇ ಚದುರಿ ಓಡುತ್ತದೆ. ಹದಿನೆಂಟರ ಹರೆಯದ ಆಗ್ನೆಸ್ 1880ರ ಸುಮಾರಿಗೆ ಇದನ್ನು ಅಳೆಯಲು ತೊಡಗಿದಳು. ತಗಡಿನ ಒಂದು ದೋಣಿ ಮಾಡಿಸಿಕೊಂಡಳು: 70 ಸೆಂಟಿಮೀಟರ್ ಉದ್ದ, 5 ಅಗಲ, 2 ಎತ್ತರ. ಅದರಲ್ಲಿ ಅಂಚಿನವರೆಗೆ ನೀರು ತುಂಬಿ, ಅಡ್ಡಲಾಗಿ ಒಂದೂವರೆ ಸೆಂಟಿಮೀಟರ್ ಅಗಲದ ತಗಡಿನ ಪಟ್ಟಿ ಇಟ್ಟಳು. ಪಟ್ಟಿಯನ್ನು ಅತ್ತಿತ್ತ ಸರಿಸಿದರೆ ನೀರಿನ ಮೇಲ್ಮೈ ಹಿಗ್ಗುತ್ತದೆ, ಕುಗ್ಗುತ್ತದೆ. ಮೇಲೆ ಹರಡಿದ ಜಿಡ್ಡಿನ ಪದರವೂ ಜೊತೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ನೀರಿಗೆ ತಾಗಿಸಿದ 6 ಮಿಲಿಮೀಟರಿನ ಪುಟ್ಟ ಬಿಲ್ಲೆಯೊಂದನ್ನು ತಕ್ಕಡಿಯಿಂದ ಮೇಲೆತ್ತಿ, ಅದು ನೀರನ್ನು ಬಿಟ್ಟೇಳಲು ಎಷ್ಟು ಬಲ ಬೇಕಾಯಿತೆಂದು ನೋಡಿದಳು. ಮೇಲ್ಮೈ ಸೆಳೆತವನ್ನು ಅಳೆಯಲು ಅಷ್ಟು ಸಾಕಾಯಿತು.

ಹತ್ತು ವರ್ಷ ಈ ಕೆಲಸ ಮನೆಯೊಳಗೇ ಉಳಿಯಿತು. 1891ರ ಜನವರಿ 10ರಂದು ಆಗ್ನೆಸ್ ಇಂಗ್ಲೆಂಡಿನ ಲಾರ್ಡ್ ರೇಲೆಗೆ ಜರ್ಮನ್ ಭಾಷೆಯಲ್ಲಿ ಒಂದು ಕಾಗದ ಬರೆದಳು. ರೇಲೆ ಆಗ ಯುರೋಪಿನ ಅತಿ ದೊಡ್ಡ ಭೌತವಿಜ್ಞಾನಿಗಳಲ್ಲಿ ಒಬ್ಬ, ಇದೇ ವಿಷಯದಲ್ಲಿ ಕೆಲಸ ಮಾಡುತ್ತಿದ್ದವ. ಗುರುತಿಲ್ಲದ ಹೆಣ್ಣುಮಗಳೊಬ್ಬಳು ತನಗಿಂತ ಮುಂದೆ ಹೋಗಿದ್ದಾಳೆಂದು ಅವನಿಗೆ ಅರ್ಥವಾಯಿತು. ಕಾಗದವನ್ನು ಅವನ ಹೆಂಡತಿ ಇಂಗ್ಲಿಷಿಗೆ ಅನುವಾದಿಸಿದಳು. ರೇಲೆ ಅದನ್ನು ‘ನೇಚರ್’ ಪತ್ರಿಕೆಗೆ ಕಳಿಸಿ ಪ್ರಕಟಿಸಬೇಕೆಂದು ಕೇಳಿಕೊಂಡ, ಮಾರ್ಚ್ 12ರ ಸಂಚಿಕೆಯಲ್ಲಿ ಅದು ಆಗ್ನೆಸ್‌ಳ ಹೆಸರಿನಲ್ಲೇ ಅಚ್ಚಾಯಿತು. ದೊಡ್ಡವರ ದೊಡ್ಡತನ ಎನ್ನುವುದು ಇಂಥ ಕಡೆ ಕಾಣುತ್ತದೆ.

ಜಿಡ್ಡಿನ ಪದರವನ್ನು ಒಂದು ಮಿತಿಯವರೆಗೆ ಒತ್ತಿದರೂ ನೀರಿನ ಸೆಳೆತ ಬದಲಾಗುವುದಿಲ್ಲ, ಆ ಮಿತಿ ದಾಟಿದೊಡನೆ ಥಟ್ಟನೆ ಇಳಿಯುತ್ತದೆ ಎಂಬುದನ್ನು ಆಗ್ನೆಸ್ ಕಂಡಿದ್ದಳು. ಅಣುಗಳು ಭುಜಕ್ಕೆ ಭುಜ ತಾಗಿ ನಿಲ್ಲುವ ಹಂತ ಅದು. ಆ ಪದರದ ದಪ್ಪ ಒಂದೇ ಒಂದು ಅಣುವಿನಷ್ಟು ಎಂದು ರೇಲೆ 1899ರಲ್ಲಿ ತೀರ್ಮಾನಿಸಿದ. ಅಣುಗಳು ನಿಜವಾಗಿ ಇವೆಯೇ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದ ಕಾಲದಲ್ಲಿ ಪಾತ್ರೆ ತೊಳೆದ ನೀರು ಅವುಗಳ ಅಳತೆ ಹೇಳಿತ್ತು! ಅದೇ ಬಗೆಯ ದೋಣಿಯನ್ನು ಪರಿಷ್ಕರಿಸಿ ಕೆಲಸ ಮಾಡಿದ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್‌ಗೆ 1932ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ವರ್ಷವೇ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯ ಎಪ್ಪತ್ತರ ಆಗ್ನೆಸ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮೂರು ವರ್ಷದ ನಂತರ ಅವಳು ತೀರಿಕೊಂಡಳು. ಈ ಉಪಕರಣಕ್ಕೆ ಪ್ರಯೋಗಾಲಯಗಳಲ್ಲಿ ಇಂದು ಸಾಮಾನ್ಯವಾಗಿ ಲ್ಯಾಂಗ್‌ಮ್ಯೂರ್ ಹೆಸರೇ ಇದೆ. ಪೊಕೆಲ್ಸ್ ಹೆಸರನ್ನೂ ಅದಕ್ಕೆ ಸೇರಿಸಿ ಹೇಳುವುದು ನ್ಯಾಯ.

ತಟ್ಟೆಯಲ್ಲಿ ನೀರು ತುಂಬಿ, ಮೇಲೆ ಮೆಣಸಿನ ಪುಡಿ ಉದುರಿಸಿ, ಸೋಪು ತಾಗಿಸಿದ ಬೆರಳನ್ನು ನಡುವೆ ಇಟ್ಟರೆ ಪುಡಿಯೆಲ್ಲ ಅಂಚಿಗೆ ಓಡುತ್ತದೆ. ಸೋಪು ತಗಲಿದಲ್ಲಿ ಸೆಳೆತ ಸಡಿಲಗೊಂಡು, ಸುತ್ತಲಿನ ಬಿಗಿಯಾದ ನೀರು ಪುಡಿಯನ್ನು ತನ್ನತ್ತ ಎಳೆದುಕೊಳ್ಳುವುದು ಅದು. ಆಗ್ನೆಸ್ ಅಳೆದದ್ದನ್ನು ಕಣ್ಣಾರೆ ನೋಡಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಪಾತ್ರೆ ತೊಳೆದಾಯಿತು, ಮೇಜಿನ ಮೇಲೆ ಚೆಲ್ಲಿದ ಕಾಫಿಯ ಕಲೆ ಉಳಿದಿದೆ. ಫಿಲ್ಟರ್ ಕಾಫಿಯ ಒಂದು ಹನಿ ಆರಿದ ಮೇಲೆ ನಡುಭಾಗ ತಿಳಿಯಾಗಿ, ಅಂಚಿನಲ್ಲಿ ಕಡುಕಂದು ಬಳೆಯೊಂದು ಮೂಡಿರುತ್ತದೆ. ಪುಡಿ ಹನಿಯ ತುಂಬ ಸಮನಾಗಿ ಹರಡಿತ್ತಲ್ಲ, ಅಂಚಿಗೇ ಹೋಗಿ ಕೂತದ್ದೇಕೆ? ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್, ಸಿಡ್ನಿ ನೇಗೆಲ್, ಥಾಮಸ್ ವಿಟೆನ್ ಮತ್ತು ಸಂಗಡಿಗರು 1997ರಲ್ಲಿ ಇದಕ್ಕೆ ‘ನೇಚರ್’ನಲ್ಲಿ ಉತ್ತರ ಕೊಟ್ಟರು. ಹನಿಯ ಅಂಚು ಮೇಜಿಗೆ ಕಚ್ಚಿಕೊಂಡಿರುತ್ತದೆ, ಒಳಕ್ಕೆ ಸರಿಯದು. ಅಂಚಿನಲ್ಲೇ ನೀರು ಬೇಗ ಆರುತ್ತದೆ. ಆರಿದ ನೀರಿನ ಜಾಗ ತುಂಬಲು ನಡುವಿನಿಂದ ಅಂಚಿಗೆ ನೀರು ಹರಿಯುತ್ತಲೇ ಇರುತ್ತದೆ, ಕಣಗಳನ್ನೂ ಹೊತ್ತೊಯ್ಯುತ್ತದೆ.

ಇಂಕ್‌ಜೆಟ್ ಮುದ್ರಣದ ಶಾಯಿ, ಡಿಎನ್‌ಎ ಪರೀಕ್ಷೆಯ ಚುಕ್ಕೆಗಳು, ಗೋಡೆಯ ಬಣ್ಣ, ಇವೆಲ್ಲ ಸಮನಾಗಿ ಆರಬೇಕಾದ ಹನಿಗಳೇ ಆದ್ದರಿಂದ ಕಾಫಿ ಕಲೆಯ ಲೆಕ್ಕ ಬಲುಬೇಗ ಕಾರ್ಖಾನೆ ತಲುಪಿತು. 2011ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇನ್ನೊಂದು ಸೊಗಸಾದ ಸಂಗತಿ ತೋರಿಸಿದರು. ಕಣಗಳು ಗುಂಡಗಿರುವ ಬದಲು ಅಕ್ಕಿಕಾಳಿನಂತೆ ಉದ್ದುದ್ದ ಇದ್ದರೆ ಅವು ಹನಿಯ ಮೇಲ್ಮೈಯಲ್ಲಿ ಒಂದಕ್ಕೊಂದು ತೊಡರಿಕೊಂಡು ಅಂಚಿಗೆ ಹೋಗುವುದೇ ಇಲ್ಲ, ಬಳೆ ಮೂಡುವುದಿಲ್ಲ.

ಇಷ್ಟು ಹೊತ್ತು ಮನೆಗೆಲಸದ ಮಾತಾಯಿತು. ಆಟಕ್ಕೆ ಬಂದರೆ ಮಳೆಗಾಲದ ಮಧ್ಯಾಹ್ನಗಳ ಕೇರಂ ಇದೆ. ನಿಂತ ಕಾಯಿಗೆ ಅದೇ ತೂಕದ ಇನ್ನೊಂದು ಕಾಯಿ ಓರೆಯಾಗಿ ಬಡಿದರೆ, ಎರಡೂ ಬೇರ್ಪಟ್ಟು ಓಡುವ ದಾರಿಗಳ ನಡುವೆ ಹೆಚ್ಚುಕಡಿಮೆ ಲಂಬಕೋನ ಇರುತ್ತದೆ. ಚಲನೆಯ ಮೊತ್ತ, ಶಕ್ತಿಯ ಮೊತ್ತ ಎರಡೂ ಉಳಿಯಬೇಕೆಂಬ ಷರತ್ತಿಗೆ ಪೈಥಾಗೊರಸ್ ಪ್ರಮೇಯ ಸೇರಿ ಬರುವ ಫಲ ಇದು. ಪಳಗಿದ ಆಟಗಾರನ ಕೈಗೆ ಈ ಕೋನ ಗೊತ್ತು, ಬಾಯಲ್ಲಿ ಹೇಳಲು ಬರದಿದ್ದರೂ. ಸ್ಟ್ರೈಕರ್ ಕಾಯಿಗಿಂತ ಭಾರ, ಹಾಗಾಗಿ ಅದು ಬಡಿದಾಗ ಕೋನ ಬೇರೆ. ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿ ಘರ್ಷಣೆ ಕಡಿಮೆ ಮಾಡಿ ಲೆಕ್ಕವನ್ನು ಪುಸ್ತಕದ ಲೆಕ್ಕಕ್ಕೆ ಹತ್ತಿರ ತರುತ್ತದೆ. ಚಂಡಮಾರುತಗಳ ಸುಳಿ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ಅರಿಯಲು ನೆರವಾದ ಗ್ಯಾಸ್ಪಾರ್ ಕೊರಿಯೊಲಿಸ್ 1835ರಲ್ಲಿ ಒಂದಿಡೀ ಪುಸ್ತಕ ಬರೆದದ್ದು ಬಿಲಿಯರ್ಡ್ಸ್ ಆಟದ ಮೇಲೆ.

ಬುಗುರಿಯ ಕಥೆ ಇನ್ನೂ ದೂರ ಹೋಗುತ್ತದೆ. ಚಾಟಿ ಸುತ್ತಿ ಬೀಸಿ ಎಸೆದ ಬುಗುರಿ ಮೊಳೆಯ ಮೇಲೆ ನಿಂತು ತಿರುಗುತ್ತದೆ. ತಿರುಗದ ಬುಗುರಿಯನ್ನು ಮೊಳೆಯ ಮೇಲೆ ನಿಲ್ಲಿಸಲು ಯಾರಿಂದಲೂ ಆಗದು. ವೇಗ ತಗ್ಗಿದಾಗ ಅದು ಒಮ್ಮೆಗೇ ಬೀಳುವುದಿಲ್ಲ, ತಲೆಯನ್ನು ನಿಧಾನವಾಗಿ ಸುತ್ತ ತೂಗಾಡಿಸುತ್ತದೆ. ಗುರುತ್ವ ಅದನ್ನು ಕೆಳಕ್ಕೆ ಎಳೆಯುತ್ತಿದೆ, ಆದರೆ ತಿರುಗುವ ವಸ್ತುವಿಗೆ ಕೆಳಕ್ಕೆ ಕೊಟ್ಟ ಎಳೆತ ಪಕ್ಕಕ್ಕೆ ಸರಿಯುವ ಚಲನೆಯಾಗಿ ಬದಲಾಗುತ್ತದೆ. ಆದ್ದರಿಂದ ಅಕ್ಷ ಬೀಳುವ ಬದಲು ಆಕಾಶದಲ್ಲಿ ಒಂದು ವೃತ್ತ ಬರೆಯುತ್ತದೆ. 1950ರ ದಶಕದಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ತೆಗೆದ ಹೆಸರಾಂತ ಫೋಟೋ ಒಂದಿದೆ. ತಿರುಗುತ್ತ ತಿರುಗುತ್ತ ತಲೆಕೆಳಗಾಗಿ ನಿಲ್ಲುವ ಆಟಿಕೆ ಬುಗುರಿಯೊಂದನ್ನು ನೀಲ್ಸ್ ಬೋರ್ ಮತ್ತು ವೋಲ್ಫ್‌ಗಾಂಗ್ ಪೌಲಿ, ಇಬ್ಬರೂ ನೊಬೆಲ್ ಪಡೆದವರು, ಬಗ್ಗಿ ನಿಂತು ಮಕ್ಕಳಂತೆ ನೋಡುತ್ತಿದ್ದಾರೆ.

ಭೂಮಿಯೂ ಬುಗುರಿಯೇ. ಅದರ ನಡು ಕೊಂಚ ಉಬ್ಬಿದೆ. ಸಮಭಾಜಕದ ಅಡ್ಡಳತೆ ಧ್ರುವಗಳ ಅಡ್ಡಳತೆಗಿಂತ ಸುಮಾರು 43 ಕಿಲೋಮೀಟರ್ ಹೆಚ್ಚು. ಆ ಉಬ್ಬನ್ನು ಸೂರ್ಯ ಚಂದ್ರರು ಎಳೆಯುವುದರಿಂದ ಭೂಮಿಯ ಅಕ್ಷವೂ ಬುಗುರಿಯ ತಲೆಯಂತೆ ತೂಗಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಇಷ್ಟು ನಿಧಾನದ ಚಲನೆ ನಮ್ಮ ಕಣ್ಣಿಗೆಲ್ಲಿ ಬೀಳುತ್ತದೆ ಎನ್ನುವವರು ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆದು ನೋಡಬೇಕು. ಉತ್ತರಾಯಣದ ಆರಂಭ ಎಂದರೆ ಸೂರ್ಯ ಬಡಗಣ ದಿಕ್ಕಿಗೆ ತಿರುಗುವ ದಿನ. ಸೂರ್ಯ ನಿಜವಾಗಿ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಎಳ್ಳುಬೆಲ್ಲ ಬೀರುವುದು ಮಾತ್ರ ಜನವರಿ 14 ಅಥವಾ 15ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ನಮ್ಮ ಪಂಚಾಂಗ ಸೂರ್ಯನ ಸ್ಥಾನವನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಲೆಕ್ಕ ಹಾಕುತ್ತದೆ, ಋತುಗಳು ಅಕ್ಷದ ವಾಲಿಕೆಯನ್ನು ಹಿಡಿದು ನಡೆಯುತ್ತವೆ. ಅಕ್ಷ ತೂಗಾಡಿದಂತೆಲ್ಲ ಎರಡರ ನಡುವೆ ಎಪ್ಪತ್ತೊಂದು, ಎಪ್ಪತ್ತೆರಡು ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆಯುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯಂದು. ಆ ದಿನದ ತಾರೀಖು ಜನವರಿ 12. ಒಂದೂವರೆ ಶತಮಾನದಲ್ಲಿ ಹಬ್ಬ ಎರಡು ದಿನ ಮುಂದೆ ಸರಿದಿದೆ. ನಕ್ಷತ್ರಗಳ ಲೆಕ್ಕಕ್ಕೂ ಋತುಗಳ ಲೆಕ್ಕಕ್ಕೂ ನಡುವಿನ ಈ ಅಂತರಕ್ಕೆ ಪಂಚಾಂಗದವರು ಇಟ್ಟಿರುವ ಹೆಸರು ಅಯನಾಂಶ.

ಹವ್ಯಾಸವೇ ಭೌತಶಾಸ್ತ್ರವಾದ ಬದುಕು ಒಂದು ನಮ್ಮ ಕಣ್ಣೆದುರೇ ಇದೆ. ಚಂದ್ರಶೇಖರ ವೆಂಕಟರಾಮನ್ 1907ರಲ್ಲಿ ಕಲ್ಕತ್ತೆಗೆ ಹೋದದ್ದು ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ. ಅಲ್ಲಿಂದ ಹತ್ತು ವರ್ಷ ಅವರು ಸಂಬಳಕ್ಕೆ ಲೆಕ್ಕಪತ್ರ ನೋಡಿದರು. ಕಚೇರಿಗೆ ಮುಂಚಿನ ಬೆಳಗು, ಕಚೇರಿ ಮುಗಿದ ಮೇಲಿನ ಸಂಜೆ ರಾತ್ರಿಗಳೆಲ್ಲ ಬೌಬಜಾರ್ ಬೀದಿಯ 210ನೆಯ ನಂಬರಿನ ಕಟ್ಟಡದಲ್ಲಿ ಕಳೆದವು. 1876ರಲ್ಲಿ ವೈದ್ಯ ಮಹೇಂದ್ರಲಾಲ್ ಸರ್ಕಾರ್ ಕಟ್ಟಿದ ವಿಜ್ಞಾನ ಸಂಸ್ಥೆ ಅಲ್ಲಿತ್ತು, ಆದರೆ ಅದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರೇ ಇರಲಿಲ್ಲ. 1917ರಲ್ಲಿ ಪ್ರಾಧ್ಯಾಪಕ ಹುದ್ದೆ ಒಪ್ಪಿಕೊಳ್ಳಲು ರಾಮನ್ ಹೆಚ್ಚು ಸಂಬಳದ ಸರ್ಕಾರಿ ನೌಕರಿ ಬಿಟ್ಟರು.

ಆ ಬಿಡುವಿನ ವೇಳೆಯ ಕೆಲಸದಲ್ಲಿ ದೊಡ್ಡ ಪಾಲು ಸಂಗೀತದ್ದು. ತಂದೆ ಪಿಟೀಲು ನುಡಿಸುತ್ತಿದ್ದರು, ಹೆಂಡತಿ ಲೋಕಸುಂದರಿ ವೀಣೆ ನುಡಿಸುತ್ತಿದ್ದರು. ತಂಬೂರಿ ಶ್ರುತಿ ಮಾಡುವಾಗ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಒಂದು ಎಳೆ ತೂರಿಸುತ್ತಾರಲ್ಲ, ಅದನ್ನು ಸರಿಯಾದ ಜಾಗಕ್ಕೆ ಸರಿಸಿದೊಡನೆ ಸಪ್ಪೆಯಾಗಿದ್ದ ತಂತಿ ಝೇಂಕರಿಸುತ್ತದೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದು ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಿಸಬಾರದು ಎಂಬುದು ಯುರೋಪಿನಲ್ಲಿ ಒಪ್ಪಿತವಾಗಿದ್ದ ನಿಯಮ. ತಂಬೂರಿಯಲ್ಲಿ ಆ ಸ್ವರಗಳೂ ಗಟ್ಟಿಯಾಗಿ ಕೇಳುತ್ತವೆ ಎಂದು ರಾಮನ್ 1921ರಲ್ಲಿ ತೋರಿಸಿದರು. ಬಾಗಿದ ಕುದುರೆಯ ಮೇಲೆ ತಂತಿ ಕ್ಷಣಕ್ಷಣವೂ ತಾಗಿ ಬಿಡುವುದರಲ್ಲಿ ಗುಟ್ಟು ಇತ್ತು.

ಮೃದಂಗದ ವಿಷಯ ಇನ್ನೂ ದೊಡ್ಡದು. ಎಳೆದು ಕಟ್ಟಿದ ತಂತಿ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕದ ಸ್ವರಗಳನ್ನೂ ಹೊರಡಿಸುತ್ತದೆ. ಪೂರ್ಣಸಂಖ್ಯೆಗಳ ಈ ಹೊಂದಾಣಿಕೆಯಿಂದಲೇ ಕಿವಿ ಅದನ್ನು ಒಂದು ಸ್ವರವೆಂದು ಗುರುತಿಸುತ್ತದೆ. ಸಮನಾದ ಚರ್ಮವನ್ನು ಬಿಗಿದ ಚರ್ಮವಾದ್ಯದಲ್ಲಿ ಇದೇ ಲೆಕ್ಕ 1, 1.59, 2.14, 2.30, 2.65, 2.92 ಎಂದು ಬರುತ್ತದೆ. ಯಾವುದಕ್ಕೂ ಯಾವುದೂ ತಾಳೆಯಾಗದು. ಸದ್ದು ಇದೆ, ಶ್ರುತಿ ಇಲ್ಲ. ಪಶ್ಚಿಮದ ಪುಸ್ತಕಗಳಲ್ಲಿ ಚರ್ಮವಾದ್ಯಗಳು ಸದ್ದಿನ ವಾದ್ಯಗಳಾಗಿ ಉಳಿದದ್ದಕ್ಕೆ ಕಾರಣ ಈ ಅಂಕಿಗಳು.

ಹಾಗಾದರೆ ಮೃದಂಗವನ್ನು ಹಾಡುಗಾರರ ಶ್ರುತಿಗೆ ಸೇರಿಸುವುದು ಹೇಗೆ? ಉತ್ತರ ಬಲಮುಚ್ಚಿಗೆಯ ನಡುವಿನ ಕಪ್ಪು ವೃತ್ತದಲ್ಲಿದೆ. ಕಿಟ್ಟದ ನುಣ್ಣನೆಯ ಪುಡಿಯನ್ನು ಅನ್ನದ ಜೊತೆ ಅರೆದು, ತೆಳುಪದರವಾಗಿ ಹಚ್ಚಿ, ಕಲ್ಲಿನಿಂದ ತಿಕ್ಕಿ ಒಣಗಿಸಿ, ಮತ್ತೆ ಹಚ್ಚಿ, ಹೀಗೆ ಪದರದ ಮೇಲೆ ಪದರವಾಗಿ ಬೆಳೆಸಿದ ಕರಣೆ ಅದು. ನಡುವೆ ದಪ್ಪ, ಅಂಚಿಗೆ ಬಂದಂತೆ ತೆಳು. ಮೂಲ ಸ್ವರ ಹೊರಡುವಾಗ ಮುಚ್ಚಿಗೆಯ ನಡುಭಾಗವೇ ಅತಿ ಹೆಚ್ಚು ಮೇಲೆಕೆಳಗೆ ಆಡುತ್ತದೆ. ಅಲ್ಲಿ ಭಾರ ಇಟ್ಟರೆ ಆ ಸ್ವರ ಚೆನ್ನಾಗಿ ಕೆಳಗಿಳಿಯುತ್ತದೆ. ಮುಂದಿನ ಸ್ವರ ಹೊರಡುವಾಗ ಮುಚ್ಚಿಗೆ ಎರಡು ಹೋಳಾಗಿ, ಒಂದು ಮೇಲಾದರೆ ಇನ್ನೊಂದು ಕೆಳಗಾಗುತ್ತದೆ, ನಡುಗೆರೆ ಅಲುಗದೆ ನಿಲ್ಲುತ್ತದೆ. ಅದಕ್ಕೆ ನಡುವಿನ ಭಾರದ ಪೆಟ್ಟು ಕಡಿಮೆ. ಹೀಗೆ 1.59 ಇದ್ದ ಅನುಪಾತ ಬೆಳೆದು 2ಕ್ಕೆ ಬಂದು ಕೂರುತ್ತದೆ. ಉಳಿದವೂ ಒಂದೊಂದಾಗಿ ಸಾಲಿಗೆ ಬರುತ್ತವೆ.

ರಾಮನ್ ಮತ್ತು ಶಿವಕಾಳಿ ಕುಮಾರ್ ಇದನ್ನು 1920ರಲ್ಲಿ ‘ನೇಚರ್’ನಲ್ಲಿ ಬರೆದರು. 1934ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ, ತಾವೇ ಆಗಷ್ಟೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ನಡಾವಳಿಯ ಮೊದಲ ಸಂಪುಟದಲ್ಲಿ ರಾಮನ್ ವಿವರವಾಗಿ ಬರೆದರು. ನಾಲ್ಕು ವರ್ಷ ಹಿಂದೆ ನೊಬೆಲ್ ಪಡೆದವರು ಮತ್ತೆ ಮೃದಂಗಕ್ಕೆ ಮರಳಿದ್ದರು ಎಂಬುದು ಗಮನಿಸಬೇಕಾದ ಮಾತು. ಮುಚ್ಚಿಗೆಯ ಮೇಲೆ ಸಣ್ಣ ಮರಳು ಉದುರಿಸಿ ನುಡಿಸಿದರೆ, ಅಲುಗದ ಗೆರೆಗಳ ಮೇಲೆ ಮರಳು ಬಂದು ನಿಲ್ಲುತ್ತದೆ. ಆ ಗೆರೆಗಳ ಚಿತ್ರ ನೋಡಿ ರಾಮನ್ ಒಂಬತ್ತು ಬಗೆಯ ಕಂಪನಗಳನ್ನು ಗುರುತಿಸಿದರು. ಸಾಮಾನ್ಯ ಚರ್ಮದಲ್ಲಿ ಒಂಬತ್ತಕ್ಕೂ ಬೇರೆ ಬೇರೆ ಕಂಪನಾಂಕ. ಮೃದಂಗದಲ್ಲಿ ಆ ಒಂಬತ್ತೂ ಸೇರಿ ಐದೇ ಸ್ವರಗಳಾಗಿವೆ: 1, 2, 3, 4, 5. ಅಂಚಿನ ಸುತ್ತ ಇರುವ ಚರ್ಮದ ಎರಡನೆಯ ಬಳೆ ಅದಕ್ಕಿಂತ ಮೇಲಿನ ಕರ್ಕಶ ಸ್ವರಗಳನ್ನು ಅಡಗಿಸುತ್ತದೆ. ವಾದಕ ‘ನಂ’ ನುಡಿಸುವಾಗ ಉಂಗುರಬೆರಳನ್ನು ಮುಚ್ಚಿಗೆಗೆ ಹಗುರಾಗಿ ತಾಗಿಸಿಟ್ಟು ತೋರುಬೆರಳಿನಿಂದ ಅಂಚಿಗೆ ಹೊಡೆಯುತ್ತಾನೆ. ಆ ಉಂಗುರಬೆರಳು ಮೂಲ ಸ್ವರವನ್ನು ತಡೆದು ಎರಡನೆಯದನ್ನು ಹಾಡಿಸುತ್ತದೆ. ಗುರುವಿನಿಂದ ಶಿಷ್ಯನಿಗೆ ಬಂದ ಬೆರಳಿನ ಪಾಠ ಮತ್ತು ಗಣಿತದ ಸಮೀಕರಣ ಒಂದೇ ಕಡೆ ಬಂದು ಸೇರಿದ್ದವು.

ಕರಣೆ ಹಾಕುವುದನ್ನು ಕಂಡುಹಿಡಿದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಕಿವಿಯೊಂದನ್ನೇ ನೆಚ್ಚಿ, ಪದರ ಪದರವಾಗಿ ತೂಕ ಕೂಡಿಸುತ್ತ ಹೋದ ತಲೆಮಾರುಗಳ ಕುಶಲಕರ್ಮಿಗಳು ಅವರು. ಅವರನ್ನೂ ಭೌತವಿಜ್ಞಾನಿಗಳ ಸಾಲಿನಲ್ಲಿ ಕೂರಿಸುವುದು ಉತ್ಪ್ರೇಕ್ಷೆಯಾಗದು.

ಇಂದು ಈ ಪ್ರಯೋಗಕ್ಕೆ ರಾಮನ್‌ರ ಪ್ರಯೋಗಾಲಯವೂ ಬೇಡ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್ ಮೊಬೈಲಿನ ಮೈಕನ್ನೇ ಕಂಪನ ಅಳೆಯುವ ಯಂತ್ರವಾಗಿಸುತ್ತದೆ. ಸ್ಟೀಲ್ ತಟ್ಟೆಯೊಂದನ್ನು ಬಡಿದರೆ ಪರದೆಯ ಮೇಲೆ ಶಿಖರಗಳು ಅಡ್ಡಾದಿಡ್ಡಿ ಏಳುತ್ತವೆ. ಶ್ರುತಿ ಮಾಡಿದ ಮೃದಂಗವನ್ನೋ ತಬಲಾವನ್ನೋ ನುಡಿಸಿದರೆ ಅವು ಸಮ ಅಂತರದಲ್ಲಿ ಸಾಲಾಗಿ ನಿಲ್ಲುತ್ತವೆ. ಮೊದಲನೆಯದು 150 ಹರ್ಟ್ಸ್ ಇದ್ದರೆ ಮುಂದಿನವು 300, 450, 600ರ ಹತ್ತಿರ. ಸಂಗೀತ ಕಲಿಸುವ ಶಾಲೆಗಳಲ್ಲಿ ಮೃದಂಗ ಇದ್ದೇ ಇರುತ್ತದೆ, ಅದೇ ಶಾಲೆಯ ಇನ್ನೊಂದು ಕೋಣೆಯಲ್ಲಿ ಭೌತಶಾಸ್ತ್ರದ ಪಾಠ ನಡೆಯುತ್ತಿರುತ್ತದೆ. ವರ್ಷಕ್ಕೆ ಒಂದು ಪೀರಿಯಡ್ ಸಾಕು: ಸಂಗೀತದ ಮೇಷ್ಟ್ರು ಮೃದಂಗ ಹೊತ್ತುಕೊಂಡು ವಿಜ್ಞಾನದ ತರಗತಿಗೆ ಬರಲಿ, ವಿಜ್ಞಾನದ ಮೇಷ್ಟ್ರು ಒಂದು ಚಿಟಿಕೆ ಮರಳು ತರಲಿ.